ಲಕ್ಷಣವಿಲ್ಲದ ಸೋಂಕು, ಅರ್ಧಕ್ಕೆ ನಿಲ್ಲುವ ಚಿಕಿತ್ಸೆ: ಅಮೆರಿಕದ ಕನ್ನಡ ಕೂಟಗಳಿಗೊಂದು ಬಹಿರಂಗ ಪತ್ರ

ಅಮೆರಿಕದ ಕನ್ನಡ ಕೂಟಗಳ ಪದಾಧಿಕಾರಿಗಳಿಗೂ ಸದಸ್ಯ ಕುಟುಂಬಗಳಿಗೂ,



ಕ್ಷಯರೋಗ ಬಾರದಂತೆ ತಡೆಯುವ ಚಿಕಿತ್ಸೆಯನ್ನು ಆರಂಭಿಸಿದವರಲ್ಲಿ ದೊಡ್ಡದೊಂದು ಪಾಲು ಅದನ್ನು ಕೊನೆಮುಟ್ಟಿಸುವುದಿಲ್ಲ ಎಂಬುದು ಅಮೆರಿಕದ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ಬಹುಕಾಲದಿಂದ ತಿಳಿದಿರುವ ಸಂಗತಿ. ಆ ದೇಶದಲ್ಲಿ ಈ ಚಿಕಿತ್ಸೆಯ ಅಗತ್ಯ ಬೀಳುವವರಲ್ಲಿ ಹೆಚ್ಚಿನವರು ಬೇರೆ ದೇಶಗಳಲ್ಲಿ ಹುಟ್ಟಿ ಅಲ್ಲಿಗೆ ವಲಸೆ ಹೋದವರಾಗಿರುವುದರಿಂದಲೂ, ಅವರಲ್ಲಿ ಭಾರತೀಯರೂ ಆ ಮೂಲಕ ಕನ್ನಡಿಗರೂ ಸೇರಿರುವುದರಿಂದಲೂ, ಈ ವಿಷಯವನ್ನು ವೈದ್ಯರಿಗೆ ಮಾತ್ರ ಬಿಟ್ಟುಬಿಡದೆ ಕನ್ನಡ ಕೂಟಗಳ ಮುಂದೆ ಇಡುವುದು ಈ ಪತ್ರದ ಉದ್ದೇಶ. ಮಾತ್ರೆಯನ್ನು ಬರೆದುಕೊಡುವುದು ವೈದ್ಯರ ಕೆಲಸವಾದರೂ, ಯಾವ ನೋವೂ ಇಲ್ಲದ ದೇಹಕ್ಕೆ ಅದನ್ನು ತಿಂಗಳುಗಟ್ಟಲೆ ಬಿಡದೆ ಕೊಡುವುದಕ್ಕೆ ಬೇಕಾದ ತಿಳಿವಳಿಕೆ, ನಂಬಿಕೆ ಮತ್ತು ಆಸರೆ ಮನುಷ್ಯನಿಗೆ ಹೆಚ್ಚಾಗಿ ದೊರೆಯುವುದು ತನ್ನ ಮಾತು, ತನ್ನ ಅಂಜಿಕೆ ಎರಡೂ ಅರ್ಥವಾಗುವ ಜನರ ನಡುವೆ; ಪರದೇಶದಲ್ಲಿ ಅಂಥ ಜನ ಒಂದೆಡೆ ಸೇರುವ ಜಾಗವೆಂದರೆ ಕೂಟ.

ಮೊದಲಿಗೆ ಸೋಂಕಿಗೂ ರೋಗಕ್ಕೂ ಇರುವ ವ್ಯತ್ಯಾಸ ಸ್ಪಷ್ಟವಾಗಬೇಕು. 1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಜಗತ್ತಿಗೆ ತಿಳಿಸಿದ ಕ್ಷಯದ ಬ್ಯಾಕ್ಟೀರಿಯಾ ಗಾಳಿಯ ಮೂಲಕ ಶ್ವಾಸಕೋಶವನ್ನು ಸೇರಿದಾಗ, ಹೆಚ್ಚಿನವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಸುತ್ತುಗಟ್ಟಿ ಹಿಡಿದಿಡುತ್ತದೆ. ಹೀಗೆ ಬ್ಯಾಕ್ಟೀರಿಯಾ ಒಳಗಿದ್ದೂ ರೋಗವಿಲ್ಲದ ಸ್ಥಿತಿಗೆ ಸುಪ್ತ ಕ್ಷಯ ಸೋಂಕು ಎಂದು ಹೆಸರು. ಇಂಥವರಿಗೆ ಕೆಮ್ಮಿಲ್ಲ, ಜ್ವರವಿಲ್ಲ, ತೂಕ ಇಳಿಯುವುದಿಲ್ಲ, ಎದೆಯ ಎಕ್ಸ್‌ರೇಯಲ್ಲಿ ಸಕ್ರಿಯ ರೋಗದ ಗುರುತು ಕಾಣುವುದಿಲ್ಲ, ಇವರಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಜಗತ್ತಿನ ಜನಸಂಖ್ಯೆಯ ಸುಮಾರು ಕಾಲು ಭಾಗ ಜನರಿಗೆ ಇಂಥ ಸೋಂಕು ತಗಲಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಶೇಕಡಾ 5ರಿಂದ 10ರಷ್ಟು ಜನರಿಗೆ ಬದುಕಿನ ಯಾವುದೋ ಘಟ್ಟದಲ್ಲಿ ನಿಜವಾದ ರೋಗ ಬರುತ್ತದೆ. ಬೂದಿ ಮುಚ್ಚಿದ ಕೆಂಡದಂತಿರುವ ಈ ಸೋಂಕು ಕೆರಳುವ ಸಂಭವ ತಗಲಿದ ಮೊದಲ ಎರಡು ವರ್ಷಗಳಲ್ಲಿ ಹೆಚ್ಚು. ಆದರೆ ಮಧುಮೇಹ, ಎಚ್‌ಐವಿ, ಡಯಾಲಿಸಿಸ್, ಅಪೌಷ್ಟಿಕತೆ, ಧೂಮಪಾನ ಅಥವಾ ಸಂಧಿವಾತದಂಥ ಕಾಯಿಲೆಗಳಿಗೆ ಕೊಡುವ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿಗಳ ದೆಸೆಯಿಂದ ದಶಕಗಳ ನಂತರವೂ ಅದು ರೋಗವಾಗಿ ತಲೆಯೆತ್ತಬಹುದು.

ವಲಸಿಗರ ವಿಷಯದಲ್ಲಿ ಈ ಕಾಲದ ಅಂತರವೇ ಮುಖ್ಯ. ಭಾರತದಲ್ಲಿ 2023ರಲ್ಲಿ ಪ್ರತಿ ಲಕ್ಷ ಜನರಿಗೆ ಸುಮಾರು 195 ಮಂದಿಗೆ ಹೊಸದಾಗಿ ಕ್ಷಯ ಬಂದಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಮೆರಿಕದಲ್ಲಿ ಆ ಪ್ರಮಾಣ ಲಕ್ಷಕ್ಕೆ ಸುಮಾರು 3. ಬಾಲ್ಯ, ಶಾಲೆ, ಹಾಸ್ಟೆಲ್ಲು, ತುಂಬಿದ ಬಸ್ಸು ಎಲ್ಲವನ್ನೂ ಭಾರತದಲ್ಲಿ ಕಂಡು ಮುಂದೆ ಕ್ಯಾಲಿಫೋರ್ನಿಯಾಕ್ಕೋ ನ್ಯೂಜೆರ್ಸಿಗೋ ಹೋದವರ ಶ್ವಾಸಕೋಶದಲ್ಲಿ ಮೊದಲ ದೇಶದ ಸೋಂಕು ಎರಡನೆಯ ದೇಶದವರೆಗೂ ಜೊತೆಯಾಗಿ ಹೋಗಿರುವುದು ಸಹಜ, ಅದರಲ್ಲಿ ಯಾರ ತಪ್ಪೂ ಇಲ್ಲ. ಅಮೆರಿಕದಲ್ಲಿ 2024ರಲ್ಲಿ ವರದಿಯಾದ ಕ್ಷಯ ಪ್ರಕರಣಗಳು, ಆ ದೇಶದ ರೋಗ ನಿಯಂತ್ರಣ ಕೇಂದ್ರ ಮೊದಲು ಪ್ರಕಟಿಸಿದ ಲೆಕ್ಕದ ಪ್ರಕಾರ, 10,347; ಅವುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಬೇರೆ ದೇಶಗಳಲ್ಲಿ ಹುಟ್ಟಿದವರಲ್ಲಿ ಕಂಡುಬಂದವು. ಆ ದೇಶದ ಒಟ್ಟು ಪ್ರಕರಣಗಳಲ್ಲಿ ಶೇಕಡಾ 80ಕ್ಕಿಂತ ಹೆಚ್ಚಿನವು ಹೊಸದಾಗಿ ಹರಡಿದವಲ್ಲ, ಹಳೆಯ ಸುಪ್ತ ಸೋಂಕು ಎಚ್ಚೆತ್ತು ಬಂದವು ಎಂದು ಅದೇ ಕೇಂದ್ರ ಹೇಳುತ್ತದೆ. ಹಾಗಿದ್ದ ಮೇಲೆ, ಸೋಂಕು ಸುಪ್ತವಾಗಿರುವಾಗಲೇ ಅದನ್ನು ತೆಗೆದುಹಾಕುವ ಚಿಕಿತ್ಸೆ ಪೂರ್ಣಗೊಳ್ಳುವುದರಲ್ಲಿಯೇ ಮುಂದಿನ ರೋಗಿಗಳ ಸಂಖ್ಯೆ ಇಳಿಯುವ ದಾರಿಯಿದೆ.

ಈ ಚಿಕಿತ್ಸೆಯ ಸಾಮರ್ಥ್ಯದ ಬಗ್ಗೆ ಸಂದೇಹಕ್ಕೆ ಹೆಚ್ಚು ಎಡೆಯಿಲ್ಲ. 1952ರಲ್ಲಿ ಬಳಕೆಗೆ ಬಂದ ಐಸೋನಿಯಾಜಿಡ್ ಎಂಬ ಅಗ್ಗದ ಮಾತ್ರೆಯನ್ನು ರೋಗ ಬರುವ ಮೊದಲೇ ಕೊಟ್ಟರೆ ಏನಾಗುತ್ತದೆಂದು 1950ರ ದಶಕದಿಂದಲೇ ಪರೀಕ್ಷಿಸಲಾಯಿತು. ಅಲಾಸ್ಕಾದ ಬೆಥೆಲ್ ಪ್ರದೇಶದಲ್ಲಿ ಜಾರ್ಜ್ ಕಾಮ್‌ಸ್ಟಾಕ್ ನಡೆಸಿದ ಅಧ್ಯಯನದಲ್ಲಿ ಈ ರಕ್ಷಣೆ 19 ವರ್ಷಗಳ ನಂತರವೂ ಉಳಿದಿದ್ದುದು ಕಂಡುಬಂತು. ಯೂರೋಪಿನ ಏಳು ದೇಶಗಳಲ್ಲಿ ಸುಮಾರು 28,000 ಜನರನ್ನೊಳಗೊಂಡು ನಡೆದು 1982ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಈ ಪತ್ರದ ವಿಷಯಕ್ಕೆ ಇನ್ನೂ ಹತ್ತಿರದ್ದು: ಐಸೋನಿಯಾಜಿಡ್ ಅನ್ನು 12 ವಾರ ಕೊಟ್ಟ ಗುಂಪಿನಲ್ಲಿ ರೋಗ ಶೇಕಡಾ 21ರಷ್ಟು, 24 ವಾರ ಕೊಟ್ಟ ಗುಂಪಿನಲ್ಲಿ ಶೇಕಡಾ 65ರಷ್ಟು, 52 ವಾರ ಕೊಟ್ಟ ಗುಂಪಿನಲ್ಲಿ ಶೇಕಡಾ 75ರಷ್ಟು ಕಡಿಮೆಯಾಯಿತು, 52 ವಾರಗಳ ಗುಂಪಿನಲ್ಲಿ ಮಾತ್ರೆಗಳನ್ನು ಕ್ರಮ ತಪ್ಪದೆ ಮುಗಿಸಿದವರನ್ನಷ್ಟೇ ಲೆಕ್ಕ ಹಿಡಿದಾಗ ಇಳಿಕೆ ಶೇಕಡಾ 93ಕ್ಕೆ ಏರಿತು. ಔಷಧಿ ಅದೇ, ಸೋಂಕು ಅದೇ. ಫಲವನ್ನು ನಿರ್ಧರಿಸಿದ್ದು ಎಷ್ಟು ಕಾಲ, ಎಷ್ಟು ನಿಯಮಿತವಾಗಿ ನುಂಗಲಾಯಿತು ಎಂಬುದು.

ಆದರೆ ಒಂಬತ್ತು ತಿಂಗಳು, ಅಂದರೆ 270 ದಿನ, ಆರೋಗ್ಯವಂತನಾದ ಮನುಷ್ಯ ಪ್ರತಿದಿನ ಮಾತ್ರೆ ನುಂಗಬೇಕೆಂಬ ನಿರೀಕ್ಷೆಯೇ ಈ ಚಿಕಿತ್ಸೆಯ ದೊಡ್ಡ ತೊಡಕಾಗಿತ್ತು. ಅಮೆರಿಕ ಮತ್ತು ಕೆನಡಾದ ಚಿಕಿತ್ಸಾ ಕೇಂದ್ರಗಳಿಂದ ಸಂಗ್ರಹಿಸಿ 2010ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಚಿಕಿತ್ಸೆ ಆರಂಭಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅದನ್ನು ಪೂರ್ತಿ ಮಾಡಿರಲಿಲ್ಲ. ಪೂರ್ತಿ ಮಾಡದಿರುವ ಸಂಭವ ಹೆಚ್ಚಿದ್ದವರ ಪಟ್ಟಿಯಲ್ಲಿ ಒಂಬತ್ತು ತಿಂಗಳ ಕ್ರಮವನ್ನು ಆರಂಭಿಸಿದವರ ಜೊತೆಗೆ ಆರೋಗ್ಯ ಸಂಸ್ಥೆಗಳಲ್ಲಿಯೇ ಉದ್ಯೋಗದಲ್ಲಿದ್ದವರೂ ಇದ್ದರೆಂಬುದು ವಿಶೇಷವಾಗಿ ಗಮನಿಸಬೇಕಾದ ಅಂಶ. ರೋಗದ ಬಗ್ಗೆ ಎಲ್ಲವನ್ನೂ ಬಲ್ಲವರು ಕೂಡ ಅರ್ಧಕ್ಕೆ ನಿಲ್ಲಿಸುತ್ತಾರೆಂದಾದರೆ, ವಲಸಿಗರು ಅಜ್ಞಾನದಿಂದಲೋ ಅಶಿಸ್ತಿನಿಂದಲೋ ಚಿಕಿತ್ಸೆ ಬಿಡುತ್ತಾರೆಂಬ ತೀರ್ಮಾನ ನಿಲ್ಲುವುದಿಲ್ಲ. ಚಿಕಿತ್ಸೆಯ ಸ್ವರೂಪವನ್ನೂ ಅದನ್ನು ಕೊಡುವ ರೀತಿಯನ್ನೂ ಪರಿಶೀಲಿಸಬೇಕಾಗುತ್ತದೆ.

ಸ್ವರೂಪದ ಮಟ್ಟಿಗೆ ಕಳೆದ ಹದಿನೈದು ವರ್ಷಗಳಲ್ಲಿ ಪರಿಸ್ಥಿತಿ ಬಹಳ ಸುಧಾರಿಸಿದೆ. ಐಸೋನಿಯಾಜಿಡ್ ಜೊತೆಗೆ ರಿಫಾಪೆಂಟಿನ್ ಎಂಬ ದೀರ್ಘಕಾಲ ಕೆಲಸ ಮಾಡುವ ಔಷಧಿಯನ್ನು ಸೇರಿಸಿ ವಾರಕ್ಕೊಮ್ಮೆಯಂತೆ 12 ವಾರ, ಅಂದರೆ ಒಟ್ಟು 12 ಬಾರಿ ಮಾತ್ರ ಕೊಡುವ ಕ್ರಮವನ್ನು ಒಂಬತ್ತು ತಿಂಗಳ ಕ್ರಮದೊಂದಿಗೆ ಹೋಲಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು: ರೋಗ ತಡೆಯುವುದರಲ್ಲಿ ಹೊಸ ಕ್ರಮ ಹಳೆಯದಕ್ಕಿಂತ ಕಡಿಮೆಯಾಗಿರಲಿಲ್ಲ, ಪೂರ್ತಿ ಮಾಡಿದವರ ಪ್ರಮಾಣ ಮಾತ್ರ ಶೇಕಡಾ 69ರಿಂದ 82ಕ್ಕೆ ಏರಿತ್ತು. ಅದರಲ್ಲಿ ವಾರದ ಔಷಧಿಯನ್ನು ಸಿಬ್ಬಂದಿಯ ಎದುರಿಗೇ ಕೊಡಲಾಗಿತ್ತೆಂಬುದನ್ನೂ ಮರೆಯಬಾರದು. 2018ರಲ್ಲಿ ಪ್ರಕಟವಾದ, ಒಂಬತ್ತು ದೇಶಗಳ 6,000ಕ್ಕೂ ಹೆಚ್ಚು ವಯಸ್ಕರ ಅಧ್ಯಯನದಲ್ಲಿ ರಿಫಾಂಪಿನ್ ಒಂದನ್ನೇ ನಾಲ್ಕು ತಿಂಗಳು ಪ್ರತಿದಿನ ಕೊಟ್ಟ ಗುಂಪು ಒಂಬತ್ತು ತಿಂಗಳ ಗುಂಪಿಗಿಂತ ಗಣನೀಯವಾಗಿ ಹೆಚ್ಚಿನ ಪ್ರಮಾಣದಲ್ಲಿ ಚಿಕಿತ್ಸೆ ಮುಗಿಸಿತು, ಯಕೃತ್ತಿಗೆ ಆಗುವ ತೊಂದರೆಯೂ ಕಡಿಮೆಯಿತ್ತು. ಭಾರತದಲ್ಲಿ ರಿಫಾಂಪಿಸಿನ್ ಎಂದು ಕರೆಯುವ ಔಷಧಿಯೇ ಅಮೆರಿಕದ ರಿಫಾಂಪಿನ್. 2020ರಿಂದ ಅಮೆರಿಕದ ಮಾರ್ಗಸೂಚಿಗಳು ಇಂಥ ಮೂರು-ನಾಲ್ಕು ತಿಂಗಳ ಕ್ರಮಗಳಿಗೇ ಆದ್ಯತೆ ಕೊಟ್ಟಿವೆ. ಆದ್ದರಿಂದ ಒಂಬತ್ತು ತಿಂಗಳ ಮಾತು ಕೇಳಿ ಹಿಂಜರಿದವರು, ತಮ್ಮ ಪರಿಸ್ಥಿತಿಗೆ ಹೊಂದುವ ಚಿಕ್ಕ ಕ್ರಮವಿದೆಯೇ ಎಂದು ವೈದ್ಯರನ್ನು ಕೇಳುವುದು ಅವರ ಹಕ್ಕು.

ಕ್ರಮ ಚಿಕ್ಕದಾದರೂ ಒಂದು ಮೂಲ ಸಮಸ್ಯೆ ಉಳಿಯುತ್ತದೆ. ಅದನ್ನು ಅರ್ಥಮಾಡಿಕೊಳ್ಳಲು ಕನ್ನಡ ನಾಡಿನಲ್ಲೇ ನಡೆದ ಕೆಲಸವೊಂದು ನೆರವಾಗುತ್ತದೆ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಮಾಜವಿಜ್ಞಾನಿ ದೇಬಬರ್ ಬ್ಯಾನರ್ಜಿ ಮತ್ತು ಅವರ ಸಹೋದ್ಯೋಗಿ ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ, ಕ್ಷಯವಿದ್ದ ಹಳ್ಳಿಗರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತೆಂದೂ, ಅರ್ಧಕ್ಕಿಂತ ಹೆಚ್ಚಿನವರು ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದರೆಂದೂ ತೋರಿಸಿತು. ಜನ ತಾವಾಗಿಯೇ ಅನುಭವಿಸುವ ಅಗತ್ಯವನ್ನು ಆಧಾರವಾಗಿಟ್ಟುಕೊಂಡು ಚಿಕಿತ್ಸೆಯ ವ್ಯವಸ್ಥೆಯನ್ನು ಕಟ್ಟಬೇಕೆಂಬ ವಿಚಾರ ಭಾರತದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಕೆಮ್ಮು, ಜ್ವರ, ನಿಶ್ಶಕ್ತಿಗಳೇ ರೋಗಿಯನ್ನು ಆಸ್ಪತ್ರೆಗೆ ಕರೆತರುತ್ತಿದ್ದವು. ಸುಪ್ತ ಸೋಂಕಿನಲ್ಲಿ ಇರದಿರುವುದು ಇದೇ: ಅನುಭವಕ್ಕೆ ಬರುವ ಅಗತ್ಯ. ಮಾತ್ರೆ ನುಂಗಿದರೆ ಹಿತವಾಗುವುದಿಲ್ಲ, ಬಿಟ್ಟರೆ ಅಹಿತವಾಗುವುದಿಲ್ಲ. ನುಂಗಿದಾಗ ಹೊಟ್ಟೆ ತೊಳಸಿದರೆ ಬಿಡುವುದೇ ವಾಸಿ ಎನ್ನಿಸುತ್ತದೆ. ದೇಹ ಒದಗಿಸದ ಕಾರಣವನ್ನು ತಿಳಿವಳಿಕೆಯೂ ಸಂಗಡಿಗರೂ ಒದಗಿಸಬೇಕು, ಮತ್ತು ಅದು ಒಂದು ಸಲ ಹೇಳಿ ಮುಗಿಸುವ ಕೆಲಸವಲ್ಲ.

ಭಾರತೀಯ ವಲಸಿಗರಲ್ಲಿ ತಿಳಿವಳಿಕೆಯ ಮೊದಲ ಅಡ್ಡಿ ಬಿಸಿಜಿ ಲಸಿಕೆಗೆ ಸಂಬಂಧಿಸಿದ್ದು. ಹುಟ್ಟಿದಾಗ ಹಾಕಿಸಿಕೊಂಡ ಬಿಸಿಜಿಯಿಂದಲೇ ಪರೀಕ್ಷೆ ಪಾಸಿಟಿವ್ ಬಂದಿದೆ, ಹಾಗಾಗಿ ಮಾತ್ರೆ ಬೇಡ ಎಂಬ ಮಾತು ವ್ಯಾಪಕವಾಗಿದೆ. ಚರ್ಮದೊಳಗೆ ಚುಚ್ಚಿ ಎರಡು-ಮೂರು ದಿನಗಳ ನಂತರ ಗಂಟನ್ನು ಅಳೆಯುವ ಹಳೆಯ ಪರೀಕ್ಷೆಯ ವಿಷಯದಲ್ಲಿ ಈ ಮಾತಿನಲ್ಲಿ ಹುರುಳಿತ್ತು, ಏಕೆಂದರೆ ಆ ಪರೀಕ್ಷೆ ಲಸಿಕೆಗೂ ಸೋಂಕಿಗೂ ಭೇದ ಮಾಡಲಾರದು. ಈಗ ಬಳಕೆಯಲ್ಲಿರುವ ಇಗ್ರಾ ಎಂಬ ರಕ್ತಪರೀಕ್ಷೆ, ಕ್ವಾಂಟಿಫೆರಾನ್ ಎಂಬ ಹೆಸರಿನಿಂದ ಹೆಚ್ಚು ಪರಿಚಿತವಾಗಿರುವುದು, ಕ್ಷಯದ ಬ್ಯಾಕ್ಟೀರಿಯಾದಲ್ಲಿದ್ದು ಬಿಸಿಜಿ ಲಸಿಕೆಯಲ್ಲಿ ಇಲ್ಲದ ಪ್ರೋಟೀನುಗಳಿಗೆ ರಕ್ತಕಣಗಳು ಪ್ರತಿಕ್ರಿಯಿಸುತ್ತವೆಯೇ ಎಂದು ನೋಡುತ್ತದೆ. ಆದ್ದರಿಂದ ಅದರ ಪಾಸಿಟಿವ್ ಫಲಿತಾಂಶಕ್ಕೆ ಬಾಲ್ಯದ ಲಸಿಕೆಯನ್ನು ಕಾರಣವಾಗಿ ಹೇಳಲಾಗದು. ಬಿಸಿಜಿ ಇರುವುದರಿಂದ ರೋಗ ಬರುವುದೇ ಇಲ್ಲವೆಂಬ ಭರವಸೆಗೂ ಆಧಾರವಿಲ್ಲ: ಆ ಲಸಿಕೆ ಎಳೆಯ ಮಕ್ಕಳನ್ನು ಮಿದುಳುಪೊರೆಯ ಕ್ಷಯದಂಥ ಘೋರ ರೂಪಗಳಿಂದ ಕಾಪಾಡುತ್ತದೆ, ಆದರೆ ವಯಸ್ಕರ ಶ್ವಾಸಕೋಶದ ಕ್ಷಯವನ್ನು ತಡೆಯುವುದಿಲ್ಲವೆಂದು ಚೆನ್ನೈ ಸಮೀಪದ ಚೆಂಗಲ್ಪಟ್ಟು ಪ್ರದೇಶದಲ್ಲಿ ನಡೆದ ಬೃಹತ್ ಪ್ರಯೋಗ ತೋರಿಸಿದೆ.

ಎರಡನೆಯ ಅಡ್ಡಿ ವಲಸೆಯ ಕಾನೂನು ಪ್ರಕ್ರಿಯೆಯೊಳಗೇ ಇದೆ. ಅಮೆರಿಕದೊಳಗಿದ್ದು ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವವರನ್ನು ಸಿವಿಲ್ ಸರ್ಜನ್ ಎಂಬ ಅಧಿಕೃತ ವೈದ್ಯರು ಪರೀಕ್ಷಿಸಬೇಕು. 2018ರ ಅಕ್ಟೋಬರ್‌ನಿಂದ ಎರಡು ವರ್ಷ ತುಂಬಿದ ಎಲ್ಲ ಅರ್ಜಿದಾರರಿಗೂ ಇಗ್ರಾ ಕಡ್ಡಾಯವಾಗಿದೆ. ಪರೀಕ್ಷೆ ಪಾಸಿಟಿವ್ ಬಂದರೆ ಎದೆಯ ಎಕ್ಸ್‌ರೇ ತೆಗೆಯುತ್ತಾರೆ; ಅದು ಸರಿಯಿದ್ದು ರೋಗದ ಲಕ್ಷಣಗಳೂ ಇಲ್ಲದಿದ್ದರೆ ಸುಪ್ತ ಸೋಂಕೆಂದು ಬರೆದು ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ. ಸುಪ್ತ ಸೋಂಕು ಗ್ರೀನ್ ಕಾರ್ಡಿಗೆ ತಡೆಯಲ್ಲ, ಅದನ್ನು ಪಡೆಯಲು ಈ ಚಿಕಿತ್ಸೆ ಕಡ್ಡಾಯವೂ ಅಲ್ಲ. ಇದು ನ್ಯಾಯವಾದ ನಿಯಮ, ಆದರೆ ಅದರ ಅಡ್ಡಪರಿಣಾಮವೊಂದಿದೆ: ವರ್ಷಗಟ್ಟಲೆ ಕಾದ ಕುಟುಂಬಕ್ಕೆ ಆ ತಪಾಸಣೆ ಕಾಗದದ ಒಂದು ಹಂತವಾಗಿ ಮಾತ್ರ ಕಾಣುತ್ತದೆ, ಎಕ್ಸ್‌ರೇ ಸರಿಯಿದೆ ಎಂದ ಕೂಡಲೇ ಆತಂಕ ಇಳಿಯುತ್ತದೆ, ಅದರ ಜೊತೆಗೇ ಆಸಕ್ತಿಯೂ ಇಳಿಯುತ್ತದೆ. ಪರೀಕ್ಷೆ ಮಾಡಿದ ವೈದ್ಯರು ಒಬ್ಬರು, ಚಿಕಿತ್ಸೆ ಕೊಡಬೇಕಾದವರು ಇನ್ನೊಬ್ಬರು. ನಡುವಿನ ದಾರಿಯಲ್ಲಿ ಕೈಹಿಡಿದು ನಡೆಸುವವರಿಲ್ಲದೆ ಅನೇಕರು ಕಳೆದುಹೋಗುತ್ತಾರೆ. ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ತಪಾಸಣೆಗೆ ಒಳಪಡಬೇಕಾಗಿದ್ದವರಿಂದ ಮೊದಲುಗೊಂಡು ಲೆಕ್ಕ ಹಾಕಿದರೆ ಚಿಕಿತ್ಸೆಯ ಕೊನೆ ಮುಟ್ಟಿದವರು ಐವರಲ್ಲಿ ಒಬ್ಬರಿಗಿಂತಲೂ ಕಡಿಮೆ ಎಂದು ಕಂಡುಕೊಂಡಿತು; ಸೋರಿಕೆಯ ದೊಡ್ಡ ಪಾಲು ಮೊದಲ ಮಾತ್ರೆಗೆ ಮುಂಚೆಯೇ ಆಗಿತ್ತು.

ಮೂರನೆಯದು ಕಳಂಕದ ಭಯ. ಕ್ಷಯವೆಂದರೆ ಬಡವರ ಕಾಯಿಲೆ, ಮನೆತನಕ್ಕೆ ಅಂಟುವ ಕಾಯಿಲೆ, ಹೆಣ್ಣುಮಕ್ಕಳ ಮದುವೆಗೆ ಅಡ್ಡ ಬರುವ ಕಾಯಿಲೆ ಎಂಬ ಹಳೆಯ ಅಂಜಿಕೆ ವಿಮಾನ ಹತ್ತಿದ ಮಾತ್ರಕ್ಕೆ ಹಿಂದೆ ಉಳಿಯುವುದಿಲ್ಲ. ಕ್ಷಯ ಅರಮನೆಯನ್ನೂ ಬಿಟ್ಟದ್ದಲ್ಲವೆಂಬುದಕ್ಕೆ ಮೈಸೂರಿನ ಪಿಕೆಟಿಬಿ ಆಸ್ಪತ್ರೆಯ ಹೆಸರೇ ಸಾಕ್ಷಿ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ, ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿನಲ್ಲಿ ಅದನ್ನು ಕಟ್ಟಿಸಲಾಯಿತು. ಸುಪ್ತ ಸೋಂಕಿಗೆ ಮಾತ್ರೆ ನುಂಗುತ್ತಿರುವವರು ಕ್ಷಯರೋಗಿಗಳಲ್ಲ, ಅವರೊಂದಿಗೆ ಊಟ, ವಾಸ, ಮಗುವನ್ನು ಎತ್ತಿಕೊಳ್ಳುವುದು ಯಾವುದಕ್ಕೂ ಅಡ್ಡಿಯಿಲ್ಲ. ಈ ವಿಷಯ ಕುಟುಂಬಕ್ಕೂ ಒಟ್ಟಿಗೆ ಮನೆ ಹಂಚಿಕೊಂಡಿರುವ ಸ್ನೇಹಿತರಿಗೂ ಮನದಟ್ಟಾಗದಿದ್ದರೆ, ಮಾತ್ರೆ ಬಚ್ಚಿಟ್ಟು ನುಂಗಬೇಕಾದ ವಸ್ತುವಾಗುತ್ತದೆ, ಮತ್ತು ಬಚ್ಚಿಟ್ಟು ನುಂಗುವ ಮಾತ್ರೆ ಬಹುಬೇಗ ತಪ್ಪಿಹೋಗುತ್ತದೆ.

ನಾಲ್ಕನೆಯದು ಔಷಧಿಯ ತೊಂದರೆಗಳು. ಇವುಗಳನ್ನು ಮುಚ್ಚಿಡುವುದರಿಂದ ಚಿಕಿತ್ಸೆಗೆ ಹಾನಿಯೇ ಹೊರತು ಲಾಭವಿಲ್ಲ. ಐಸೋನಿಯಾಜಿಡ್ ಕೆಲವರಲ್ಲಿ ಯಕೃತ್ತನ್ನು ಬಾಧಿಸುತ್ತದೆ. ವಯಸ್ಸು ಏರಿದಂತೆ, ಮದ್ಯಪಾನವಿದ್ದರೆ, ಮೊದಲೇ ಯಕೃತ್ತಿನ ಕಾಯಿಲೆಯಿದ್ದರೆ ಅಪಾಯ ಹೆಚ್ಚು. ಅದರಿಂದ ಕೈಕಾಲು ಜೋಮು ಹಿಡಿಯುವುದನ್ನು ತಪ್ಪಿಸಲು, ಮಧುಮೇಹಿಗಳು ಮತ್ತು ಗರ್ಭಿಣಿಯರಂಥ ಕೆಲವರಿಗೆ ಬಿ-6 ಜೀವಸತ್ವವನ್ನು ಜೊತೆಗೆ ಕೊಡುತ್ತಾರೆ. ರಿಫಾಂಪಿನ್ ಮತ್ತು ರಿಫಾಪೆಂಟಿನ್ ನುಂಗಿದಾಗ ಮೂತ್ರ, ಕಣ್ಣೀರು, ಬೆವರು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಇದು ನಿರಪಾಯಕರವಾದರೂ ಮೊದಲೇ ಹೇಳದಿದ್ದರೆ ರಕ್ತವೆಂದು ಹೆದರಿ ಮಾತ್ರೆ ನಿಲ್ಲಿಸುವವರಿದ್ದಾರೆ. ಇವೆರಡೂ ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್, ಮಧುಮೇಹದ ಕೆಲವು ಮಾತ್ರೆಗಳ ಪರಿಣಾಮವನ್ನು ಕುಗ್ಗಿಸುತ್ತವೆ, ಆದ್ದರಿಂದ ಮನೆಯಲ್ಲಿ ನುಂಗುತ್ತಿರುವ ಪ್ರತಿಯೊಂದು ಔಷಧಿಯ ಹೆಸರನ್ನೂ, ಊರಿನಿಂದ ತಂದ ಆಯುರ್ವೇದದ ಚೂರ್ಣ-ಕಷಾಯಗಳನ್ನೂ ಸೇರಿಸಿ, ವೈದ್ಯರಿಗೆ ಹೇಳಬೇಕು. ವಾಕರಿಕೆ, ಊಟ ಸೇರದಿರುವುದು, ವಿಪರೀತ ಆಯಾಸ, ಬಲಪಕ್ಕೆಯ ಮೇಲ್ಭಾಗದ ನೋವು, ಗಾಢ ಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು ಕಂಡರೆ ಮಾತ್ರೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಸಂಪರ್ಕಿಸಬೇಕು. ಹಾಗೆ ನಿಲ್ಲಿಸಿದವರು ಸೋತವರಲ್ಲ. ಅನೇಕ ಸಂದರ್ಭಗಳಲ್ಲಿ ಬೇರೆ ಔಷಧಿಯಿಂದ ಚಿಕಿತ್ಸೆ ಮುಂದುವರಿಸಲು ಸಾಧ್ಯವಿದೆ.

ದಿನಚರಿಗೆ ಸಂಬಂಧಿಸಿದ ಸಣ್ಣ ಸಂಗತಿಗಳು ಚಿಕಿತ್ಸೆಯನ್ನು ಮುರಿಯುವುದು ಇನ್ನೂ ಸಾಮಾನ್ಯ. ರಜೆಯಲ್ಲಿ ಊರಿಗೆ ಹೊರಟವರ ಬಳಿ ಮಾತ್ರೆ ಮುಗಿದುಹೋಗುವುದು ಅವುಗಳಲ್ಲೊಂದು. ಹೊರಡುವ ಮೊದಲೇ ಅಷ್ಟು ದಿನಗಳ ಔಷಧಿಯನ್ನು ಕೇಳಿ ಪಡೆಯಬೇಕು, ಅಲ್ಲಿನ ಅಂಗಡಿಯಲ್ಲಿ ಸಿಕ್ಕೀತೆಂಬ ಭರವಸೆಯಲ್ಲಿ ಹೊರಡಬಾರದು. ಏಕಾದಶಿ, ಶ್ರಾವಣ, ರಂಜಾನ್‌ಗಳ ಉಪವಾಸ ಮತ್ತೊಂದು: ರಿಫಾಂಪಿನ್ ಅನ್ನು ಬರಿಹೊಟ್ಟೆಯಲ್ಲಿ, ರಿಫಾಪೆಂಟಿನ್ ಅನ್ನು ಊಟದೊಂದಿಗೆ ತೆಗೆದುಕೊಳ್ಳುವುದು ರೂಢಿಯಾದ್ದರಿಂದ, ವ್ರತ ಬಿಡಬೇಕೋ ಮಾತ್ರೆ ಬಿಡಬೇಕೋ ಎಂಬ ಇಕ್ಕಟ್ಟಿಗೆ ಸಿಲುಕದೆ ಹೊತ್ತನ್ನು ಹೊಂದಿಸಿಕೊಳ್ಳುವ ಬಗೆಯನ್ನು ದಾದಿಯ ಬಳಿ ಮೊದಲೇ ಕೇಳಿಕೊಳ್ಳಬಹುದು. ನಾಲ್ಕಾರು ದಿನ ತಪ್ಪಿತೆಂದು ಎಲ್ಲವನ್ನೂ ಕೈಬಿಡುವುದು ಇನ್ನೊಂದು. ಕೆಲವು ದಿನ ತಪ್ಪುವುದಕ್ಕೆ ಮಾರ್ಗಸೂಚಿಗಳೇ ಅವಕಾಶವಿಟ್ಟಿವೆ: ರಿಫಾಂಪಿನ್‌ನ 120 ದಿನಗಳ ಮಾತ್ರೆಯನ್ನು ಆರು ತಿಂಗಳೊಳಗೆ, ವಾರಕ್ಕೊಮ್ಮೆಯ 12ರಲ್ಲಿ ಕನಿಷ್ಠ 11ನ್ನು 16 ವಾರಗಳೊಳಗೆ ಮುಗಿಸಿದರೂ ಚಿಕಿತ್ಸೆ ಪೂರ್ಣವೆಂದೇ ಲೆಕ್ಕ. ತಪ್ಪಿದ್ದನ್ನು ಸಂಕೋಚವಿಲ್ಲದೆ ಹೇಳಿಕೊಂಡವರಿಗೆ ದಾರಿಯಿದೆ. ಬೈಸಿಕೊಳ್ಳುವ ಭಯದಿಂದ ಮರೆಮಾಚಿದವರಿಗೆ ಅದು ಕಾಣದೆ ಹೋಗುತ್ತದೆ.

ಫೋನಿಗೆ ಜ್ಞಾಪನೆಯ ಸಂದೇಶ ಕಳಿಸಿದರೆ ಇದೆಲ್ಲ ಸರಿಹೋಗುತ್ತದೆಂಬ ನಿರೀಕ್ಷೆಯನ್ನು 2017ರಲ್ಲಿ ಪ್ರಕಟವಾದ, 1,002 ಜನರ ಅಧ್ಯಯನವೊಂದು ಪರೀಕ್ಷೆಗೊಡ್ಡಿತು. ವಾರಕ್ಕೊಮ್ಮೆಯ ಔಷಧಿಯನ್ನು ಸಿಬ್ಬಂದಿಯ ಎದುರಿಗೆ ನುಂಗಿದವರಲ್ಲಿ ಶೇಕಡಾ 87ರಷ್ಟು, ತಾವಾಗಿಯೇ ನುಂಗಿದವರಲ್ಲಿ ಶೇಕಡಾ 74ರಷ್ಟು, ತಾವಾಗಿ ನುಂಗುತ್ತ ಫೋನಿನ ಸಂದೇಶವನ್ನೂ ಪಡೆದವರಲ್ಲಿ ಶೇಕಡಾ 76ರಷ್ಟು ಜನ ಚಿಕಿತ್ಸೆ ಮುಗಿಸಿದರು. ಸಂದೇಶದಿಂದ ಆದ ವ್ಯತ್ಯಾಸ ಅತ್ಯಲ್ಪ, ಎದುರಿಗೊಬ್ಬ ಮನುಷ್ಯ ಇದ್ದುದರಿಂದ ಆದದ್ದು ದೊಡ್ಡದು. ಎದುರಿಗಿದ್ದು ಮಾತ್ರೆ ಕೊಡುವ ಈ ಪದ್ಧತಿಯ ಬೇರುಗಳಲ್ಲೊಂದು ದಕ್ಷಿಣ ಭಾರತದಲ್ಲಿದೆ: 1956ರಲ್ಲಿ ಆರಂಭವಾದ ಮದರಾಸಿನ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದಲ್ಲಿ ವ್ಯಾಲೇಸ್ ಫಾಕ್ಸ್ ಮತ್ತು ಅವರ ಸಂಗಡಿಗರು, ಬಡ ರೋಗಿಗಳು ಸ್ಯಾನಿಟೋರಿಯಂನಲ್ಲಿ ಮಲಗದೆ ಮನೆಯಲ್ಲಿದ್ದುಕೊಂಡೇ ಅಷ್ಟೇ ಚೆನ್ನಾಗಿ ಗುಣವಾಗಬಲ್ಲರೆಂದು 1959ರಲ್ಲಿ ತೋರಿಸಿದರು, ಹಾಗೆಯೇ ಮನೆಯಲ್ಲಿರುವ ರೋಗಿ ಮಾತ್ರೆಯನ್ನು ನಿಯಮಿತವಾಗಿ ನುಂಗುವಂತೆ ನೋಡಿಕೊಳ್ಳುವುದು ಹೇಗೆಂಬ ಪ್ರಶ್ನೆಯನ್ನೂ ಎತ್ತಿದರು. ಇಂದು ಅಮೆರಿಕದ ಹಲವು ಆರೋಗ್ಯ ಇಲಾಖೆಗಳು ವಿಡಿಯೋ ಕರೆಯ ಮೂಲಕ ಮಾತ್ರೆ ನುಂಗುವುದನ್ನು ನೋಡುವ ವ್ಯವಸ್ಥೆ ಮಾಡಿವೆ. ಇದರ ಬಲವಿರುವುದು ಕಾವಲಿನಲ್ಲಲ್ಲ, ವಾರಕ್ಕೊಮ್ಮೆ ಯಾರಾದರೂ ಹೇಗಿದ್ದೀರಿ, ಹೊಟ್ಟೆಗೆ ಸೇರುತ್ತಿದೆಯೇ ಎಂದು ಕೇಳುವುದರಲ್ಲಿ.

ಕೂಟಗಳಿಂದ ಈ ಪತ್ರ ಕೋರುವುದು ಇದೇ ಕೆಲಸವನ್ನು. ಮೊದಲನೆಯದಾಗಿ, ಮಾರ್ಚ್ 24ರ ವಿಶ್ವ ಕ್ಷಯರೋಗ ದಿನ ಯುಗಾದಿಯ ಆಸುಪಾಸಿನಲ್ಲೇ ಬರುವುದರಿಂದ, ಯುಗಾದಿಯ ಕಾರ್ಯಕ್ರಮದಲ್ಲಿ ಅರ್ಧ ಗಂಟೆಯನ್ನು ಈ ವಿಷಯಕ್ಕೆ ಮೀಸಲಿಡಬೇಕು. ಸದಸ್ಯರಲ್ಲೇ ಇರುವ ವೈದ್ಯರು, ದಾದಿಯರು, ಔಷಧತಜ್ಞರು ಸೋಂಕಿಗೂ ರೋಗಕ್ಕೂ ಇರುವ ವ್ಯತ್ಯಾಸ, ಬಿಸಿಜಿಯ ಗೊಂದಲ, ಚಿಕ್ಕ ಕ್ರಮಗಳು, ಎಚ್ಚರಿಕೆಯ ಲಕ್ಷಣಗಳು ಇಷ್ಟನ್ನು ಕನ್ನಡದಲ್ಲಿ ಹೇಳಿ, ಅದನ್ನೇ ಒಂದು ಪುಟದಲ್ಲಿ ಅಚ್ಚು ಹಾಕಿಸಿ ಹಂಚಬೇಕು. ಎರಡನೆಯದಾಗಿ, ಪ್ರತಿ ಕೂಟವೂ ತನ್ನ ಕೌಂಟಿಯ ಕ್ಷಯ ವಿಭಾಗದೊಂದಿಗೆ ಪರಿಚಯ ಬೆಳೆಸಿಕೊಂಡು, ಅಲ್ಲಿ ಚಿಕಿತ್ಸೆ ಉಚಿತವೇ, ವಿಮೆಯಿಲ್ಲದವರಿಗೆ ಏನು ವ್ಯವಸ್ಥೆ ಎಂಬುದನ್ನು ತಿಳಿದಿಟ್ಟುಕೊಳ್ಳಬೇಕು. 1964ರ ನಾಗರಿಕ ಹಕ್ಕುಗಳ ಕಾಯಿದೆಯ ಪ್ರಕಾರ ಕೇಂದ್ರ ಸರ್ಕಾರದ ಹಣ ಪಡೆಯುವ ಆರೋಗ್ಯ ಸಂಸ್ಥೆಗಳು ಇಂಗ್ಲಿಷ್ ಬಾರದವರಿಗೆ ದುಭಾಷಿಯ ನೆರವು ಒದಗಿಸಬೇಕಾಗಿರುವುದರಿಂದ, ಹಿರಿಯರು ಮೊಮ್ಮಕ್ಕಳ ಅನುವಾದವನ್ನು ಅವಲಂಬಿಸದೆ ಕನ್ನಡದ ದುಭಾಷಿಯನ್ನು ಕೇಳಬಹುದೆಂಬುದನ್ನೂ ಸದಸ್ಯರಿಗೆ ತಿಳಿಸಬೇಕು. ಮೂರನೆಯದಾಗಿ, ಚಿಕಿತ್ಸೆ ಮುಗಿಸಿದ ಅನುಭವವಿರುವ, ಗುಟ್ಟು ಕಾಪಾಡಬಲ್ಲ ಕೆಲವರು, ಬಯಸಿದವರಿಗೆ ಮಾತ್ರ, ವಾರಕ್ಕೊಮ್ಮೆ ಫೋನು ಮಾಡಿ ವಿಚಾರಿಸುವ ಜೊತೆಗಾರರಾಗಬೇಕು. ಕೂಟ ಯಾರ ಹೆಸರಿನ ಪಟ್ಟಿಯನ್ನೂ ಇಡಬಾರದು, ಯಾರ ಸೋಂಕಿನ ವಿಷಯವೂ ಒಬ್ಬರಿಂದ ಇನ್ನೊಬ್ಬರ ಕಿವಿಗೆ ಹೋಗಬಾರದು. ಒಮ್ಮೆ ಗುಟ್ಟು ಒಡೆದರೆ ಮುಂದಿನ ಹತ್ತು ಜನ ಬಾಯಿಬಿಡುವುದಿಲ್ಲ.

ನಾಲ್ಕನೆಯದಾಗಿ, ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳುವುದಕ್ಕೋ ಭಾರತದಿಂದ ಬಂದು ತಿಂಗಳುಗಟ್ಟಲೆ ಇರುವ ತಂದೆತಾಯಿಯರ ಬಗ್ಗೆ ವಿಶೇಷ ಗಮನ ಬೇಕು. ಸಂದರ್ಶಕರ ವೀಸಾದಲ್ಲಿ ಬರುವವರಿಗೆ ಗ್ರೀನ್ ಕಾರ್ಡಿನವರಿಗಿರುವಂಥ ಕಡ್ಡಾಯ ತಪಾಸಣೆಯಿಲ್ಲ. ಮಧುಮೇಹ ಕ್ಷಯದ ಅಪಾಯವನ್ನು ಎರಡು-ಮೂರು ಪಟ್ಟು ಏರಿಸುತ್ತದೆ, ಐದು ವರ್ಷದೊಳಗಿನ ಮಕ್ಕಳಿಗೆ ಕ್ಷಯ ಬಂದರೆ ಅದು ಬಹುಬೇಗ ಉಲ್ಬಣಿಸುತ್ತದೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕದ ಇಳಿಕೆ ಇವುಗಳಲ್ಲಿ ಯಾವುದು ಕಂಡರೂ ಮೊದಲು ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ರೋಗ ಸಕ್ರಿಯವಾಗಿರುವಾಗ ತಡೆಗಟ್ಟುವ ಒಂದೆರಡು ಔಷಧಿಗಳನ್ನಷ್ಟೇ ಕೊಟ್ಟರೆ ಬ್ಯಾಕ್ಟೀರಿಯಾ ಅವುಗಳಿಗೆ ಬಗ್ಗದಂತೆ ಮಾರ್ಪಡುತ್ತದೆ. ಹಿರಿಯರಿಗೆ ತಡೆಗಟ್ಟುವ ಚಿಕಿತ್ಸೆ ಬೇಕೇ ಬೇಡವೇ ಎಂಬುದನ್ನು ಅವರ ವಯಸ್ಸು, ಯಕೃತ್ತಿನ ಸ್ಥಿತಿ, ಇತರ ಔಷಧಿಗಳನ್ನು ತೂಗಿ ನೋಡಿ ವೈದ್ಯರು ಅವರೊಂದಿಗೆ ಕೂಡಿ ನಿರ್ಧರಿಸಬೇಕಾಗುತ್ತದೆ.

ಕೊನೆಯದಾಗಿ, ಚಿಕಿತ್ಸೆ ಮುಗಿಸಿದವರು ಯಾವ ಔಷಧಿಯನ್ನು ಎಷ್ಟು ಕಾಲ ತೆಗೆದುಕೊಂಡರೆಂಬ ಪತ್ರವನ್ನು ಪಡೆದು ಪಾಸ್‌ಪೋರ್ಟಿನ ಜೊತೆಗೆ ಕಾಪಾಡಿಕೊಳ್ಳುವಂತೆ ಕೂಟಗಳು ನೆನಪಿಸಬೇಕು. ಚಿಕಿತ್ಸೆ ಯಶಸ್ವಿಯಾದ ನಂತರವೂ ಇಗ್ರಾ ಪಾಸಿಟಿವ್ ಆಗಿಯೇ ಉಳಿಯಬಹುದಾದ್ದರಿಂದ, ಹೊಸ ಉದ್ಯೋಗದಲ್ಲೋ ಹೊಸ ಊರಿನಲ್ಲೋ ಮತ್ತೆ ಪರೀಕ್ಷೆಗೆ ಕರೆದಾಗ ಆ ಪತ್ರವೇ ಆಧಾರ.

ಎಲ್ಲವನ್ನೂ ತಿಳಿದ ಮೇಲೂ ಚಿಕಿತ್ಸೆ ಬೇಡವೆನ್ನುವ ಸ್ವಾತಂತ್ರ್ಯ ಪ್ರತಿಯೊಬ್ಬರಿಗೂ ಇದೆ, ಅದನ್ನು ಗೌರವಿಸಬೇಕು. ಬೇಡವೆಂದವರು ಮುಂದೆ ಮನಸ್ಸು ಬದಲಿಸಿದಾಗ ಮತ್ತೆ ಕೇಳಲು ಬಾಗಿಲು ತೆರೆದಿರಬೇಕು. ಆದರೆ ತಿಳಿದು ಬೇಡವೆನ್ನುವುದಕ್ಕೂ, ಯಾರೂ ಸರಿಯಾಗಿ ಹೇಳದೆ, ಯಾರೂ ವಿಚಾರಿಸದೆ, ಒಂದು ದಿನ ತಪ್ಪಿದ ಮಾತ್ರೆಯಿಂದ ಇಡೀ ಚಿಕಿತ್ಸೆ ಕೈತಪ್ಪುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ವ್ಯಕ್ತಿಯ ನಿರ್ಧಾರ, ಎರಡನೆಯದು ಸಮುದಾಯದ ಉಪೇಕ್ಷೆ. ಭಾಷೆ, ಹಾಡು, ಹಬ್ಬಗಳನ್ನು ಪರದೇಶದಲ್ಲಿ ಉಳಿಸಿಕೊಳ್ಳಲು ಕೂಟಗಳು ತೋರಿರುವ ಶ್ರದ್ಧೆಯಲ್ಲಿ ಒಂದಂಶ ಈ ಕೆಲಸಕ್ಕೂ ಸಂದರೆ, ಮೂರು ತಿಂಗಳ ಚಿಕಿತ್ಸೆಯನ್ನು ಮುಗಿಸುವುದು ಕನ್ನಡ ಕುಟುಂಬಗಳಲ್ಲಿ ಸಾಮಾನ್ಯ ಸಂಗತಿಯಾಗಬಲ್ಲದು. ಮುಂಬರುವ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ಹೊಣೆ ಹೊರುವ ಇಬ್ಬರು ಸದಸ್ಯರನ್ನು ಗೊತ್ತುಮಾಡಬೇಕೆಂದು ಪ್ರತಿಯೊಂದು ಕೂಟವನ್ನೂ ಕಳಕಳಿಯಿಂದ ಪ್ರಾರ್ಥಿಸಲಾಗಿದೆ.